ನೋಡುವುದಕ್ಕೆ ಒಳ್ಳೆಯದು, ತೆಗೆದಿಡುವುದಕ್ಕೆ ಆಗದು: ನಮ್ಮ ಮನೆಯ ಎಚ್‌ಡಿ ರೆಕಾರ್ಡರ್

ರೆಕಾರ್ಡಿಂಗ್ ಇರುವ ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ನಮ್ಮ ಮನೆಗೆ ಬಂದದ್ದು 2018ರಲ್ಲಿ. ಒಳಗೇ 500 ಜಿಬಿ ಡಿಸ್ಕ್ ಇದ್ದ ಮಾಡೆಲ್. ಕಂಪೆನಿಯ ಹೆಸರು ಬರೆಯುವುದಿಲ್ಲ. ನಾನು ಹೇಳುವ ಮುಖ್ಯ ದೂರು ಒಂದು ಕಂಪೆನಿಯದ್ದು ಮಾತ್ರ ಅಲ್ಲ, ದುಡ್ಡು ಕೊಟ್ಟು ನೋಡುವ ಡಿಟಿಎಚ್ ಪೆಟ್ಟಿಗೆಗಳ ರೀತಿಯೇ ಅದು. ಪಿಕ್ಚರ್ ಕ್ವಾಲಿಟಿ, ಎಚ್‌ಡಿಎಂಐ, ಡಾಲ್ಬಿ ಎಲ್ಲ ನೀವು ಅಂಗಡಿಯಲ್ಲೇ ಓದಿರುತ್ತೀರಿ. ಅದನ್ನು ಬಿಡುತ್ತೇನೆ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ. ಕೇಬಲ್ ನಮ್ಮ ಮನೆಯವರೆಗೆ ಬಂದಿಲ್ಲ. ಮೊಬೈಲ್ ಡೇಟಾ ಅಂಗಳದಲ್ಲಿ ಒಂದು ಮೂಲೆಗೆ ಹೋದರೆ ಸಿಗುತ್ತದೆ, ಒಳಗೆ ಬಂದರೆ ಹೋಗುತ್ತದೆ. ಹಾಗಾಗಿ "ಆ್ಯಪ್‌ನಲ್ಲಿ ನೋಡಬಹುದಲ್ವಾ, ರೆಕಾರ್ಡರ್ ಯಾಕೆ?" ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ನಮ್ಮಲ್ಲಿ ಆಗುವುದಿಲ್ಲ.

ತೆಗೆದುಕೊಂಡದ್ದು ಅತ್ತೆಗೋಸ್ಕರ. ಕನ್ನಡ ಧಾರಾವಾಹಿಗಳ ಹೊತ್ತು ಸಂಜೆ ಆರೂವರೆಯಿಂದ ರಾತ್ರಿ ಹತ್ತರವರೆಗೆ. ಹಳ್ಳಿ ಮನೆಯ ಹೆಂಗಸಿಗೆ ಅದೇ ಹೊತ್ತಿಗೆ ಕೈ ತುಂಬ ಕೆಲಸ. ಹಟ್ಟಿಗೆ ಹೋಗಿ ಹಾಲು ಕರೆಯಬೇಕು, ದೇವರಿಗೆ ದೀಪ ಇಡಬೇಕು, ರಾತ್ರಿಯ ಅಡುಗೆ ಆಗಬೇಕು. ಅವರಿಗೆ ಪುರುಸೊತ್ತು ಸಿಗುವುದು ಮರುದಿನ ಮಧ್ಯಾಹ್ನ, ಊಟ ಮುಗಿದ ಮೇಲೆ. ಆ ಹೊತ್ತಿಗೆ ಮರುಪ್ರಸಾರ ಇರುತ್ತದೆ ಅಂತ ಹೇಳುತ್ತಾರೆ. ಇರುತ್ತದೆ, ಆದರೆ ಅವರು ನೋಡುವ ಧಾರಾವಾಹಿ ಅವರು ಕೂರುವ ಹೊತ್ತಿಗೇ ಬರಬೇಕಲ್ಲ?

ಸೀರೀಸ್ ರೆಕಾರ್ಡಿಂಗ್ ಅಂತ ಒಂದು ಸೌಲಭ್ಯ ಉಂಟು. ಒಮ್ಮೆ ಗುಂಡಿ ಒತ್ತಿದರೆ ಪ್ರತಿ ದಿನದ ಕಂತು ತಾನೇ ಸೇರುತ್ತಾ ಹೋಗುತ್ತದೆ. ನಾನು ಒಂದು ರಜೆಯಲ್ಲಿ ಕೂತು ಅತ್ತೆಗೆ ರಿಮೋಟ್ ಕಲಿಸಿದೆ. ಬಹಳ ಬೇಗ ಕಲಿತರು. ಈಗ ಪಾತ್ರೆ ತೊಳೆದು, ಕೈ ಒರೆಸಿ, "ನಿನ್ನೆಯದ್ದು ಉಂಟಾ ನೋಡುವ" ಅಂತ ತಾವೇ ಪಟ್ಟಿ ತೆರೆಯುತ್ತಾರೆ. ಮಡಿಲಲ್ಲಿ ತೆಂಗಿನ ಗರಿಗಳ ಕಂತೆ, ಕೈಯಲ್ಲಿ ಸಣ್ಣ ಕತ್ತಿ. ಗರಿ ಸೀಳಿ ಕಡ್ಡಿ ತೆಗೆದು ಹಿಡಿಸೂಡಿ ಮಾಡುತ್ತಾ ಎರಡು ಧಾರಾವಾಹಿ ನೋಡಿ ಮುಗಿಸುತ್ತಾರೆ. ಅಡಿಕೆಯ ಕಾಲದಲ್ಲಿ ಹಿಡಿಸೂಡಿ ಬದಲು ಅಡಿಕೆ ಸುಲಿಯುವುದು. ಯಾರಾದರೂ ಬಂದರೆ ನಿಲ್ಲಿಸುವ ಪಾಜ್ ಗುಂಡಿ ಒತ್ತಿ ಎದ್ದು ಹೋಗುತ್ತಾರೆ, ಮಜ್ಜಿಗೆ ಕೊಟ್ಟು ಮಾತಾಡಿಸಿ ಮತ್ತೆ ಬಂದು ಕೂರುತ್ತಾರೆ. ಟಿವಿ ತಮಗಾಗಿ ಕಾಯುತ್ತದೆ ಎನ್ನುವುದೇ ಅವರಿಗೆ ದೊಡ್ಡ ಖುಷಿ. ಇಷ್ಟು ವರ್ಷ ಅವರೇ ಎಲ್ಲರಿಗೂ ಕಾದವರು.

ಜಾಹೀರಾತು ಓಡಿಸಬಹುದು ಎನ್ನುವುದು ಇನ್ನೊಂದು ಲಾಭ. ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕಬಾರದು ಅಂತ ನಮ್ಮ ದೇಶದಲ್ಲಿ ನಿಯಮ ಉಂಟು. ಅಷ್ಟೇ ಹಾಕಿದರೂ ಎರಡು ಗಂಟೆ ನೋಡುವವರಿಗೆ 24 ನಿಮಿಷ ಉಳಿಯಿತಲ್ಲ. ಅತ್ತೆ ಮೊದಲು ಜಾಹೀರಾತನ್ನೂ ಪೂರ್ತಿ ನೋಡುತ್ತಿದ್ದರು. ಈಗ ಬಟ್ಟೆ ಸೋಪಿನ ಹಾಡು ಶುರುವಾಗುವಾಗಲೇ ಹೆಬ್ಬೆರಳು ಗುಂಡಿಯ ಮೇಲೆ ಇರುತ್ತದೆ.

ಸಣ್ಣ ಕಿರಿಕಿರಿಗಳು ಇದ್ದೇ ಇವೆ. ಪೆಟ್ಟಿಗೆ ನಂಬುವುದು ಪರದೆಯ ಮೇಲಿನ ಕಾರ್ಯಕ್ರಮ ಪಟ್ಟಿಯನ್ನು. ಪಟ್ಟಿಯಲ್ಲಿ ಎಂಟು ಗಂಟೆ ಅಂತ ಇದ್ದರೂ ಧಾರಾವಾಹಿ ಎರಡು ನಿಮಿಷ ತಡವಾಗಿ ಶುರುವಾಗಿ ಎರಡು ನಿಮಿಷ ತಡವಾಗಿ ಮುಗಿಯುತ್ತದೆ. ಕೊನೆಯಲ್ಲಿ ಬಾಗಿಲು ತೆರೆದದ್ದು ಯಾರು ಅಂತ ಗೊತ್ತಾಗುವ ಮೊದಲೇ ರೆಕಾರ್ಡಿಂಗ್ ಕಟ್! ಸೆಟ್ಟಿಂಗ್ಸ್‌ನಲ್ಲಿ ಹಿಂದೆ ಮುಂದೆ ಐದು ನಿಮಿಷ ಸೇರಿಸಿ ಬಿಡಿ. ವಾರದ ಕೊನೆಗೆ ಒಂದು ಗಂಟೆಯ ಮಹಾಸಂಚಿಕೆ ಬಂದರೆ ಪಟ್ಟಿಯಲ್ಲಿ ಹೆಸರು ಬದಲಾಗಿರುತ್ತದೆ. ಆಗ ಸೀರೀಸ್ ರೆಕಾರ್ಡಿಂಗ್‌ಗೆ ಅದು ಕಾಣುವುದೇ ಇಲ್ಲ. ಅದನ್ನು ಬೇರೆಯಾಗಿ ಕೈಯಿಂದಲೇ ಹಾಕಬೇಕು.

ಟ್ಯೂನರ್, ಅಂದರೆ ಚಾನೆಲ್ ಹಿಡಿಯುವ ಭಾಗ, ಎರಡು ಇರುವುದನ್ನೇ ತೆಗೆದುಕೊಳ್ಳಿ. ಒಂದೇ ಇದ್ದರೆ ಧಾರಾವಾಹಿ ರೆಕಾರ್ಡ್ ಆಗುವಾಗ ಮಾವನವರಿಗೆ ವಾರ್ತೆ ಇಲ್ಲ. ಮನೆಯಲ್ಲಿ ಅದು ಸುಮ್ನೆ ಜಗಳಕ್ಕೆ ದಾರಿ. ಎರಡು ಟ್ಯೂನರ್‌ಗೆ ಡಿಶ್‌ನಿಂದ ಎರಡು ಕೇಬಲ್ ಎಳೆಯಬೇಕು. ನಮ್ಮಲ್ಲಿ ಜೋಡಿಸಲು ಬಂದ ಹುಡುಗ ಒಂದೇ ಕೇಬಲ್ ಎಳೆದು ಹೊರಟಿದ್ದ. ಮನೆಯವರು ಹಿಂದೆ ಕರೆಸಿ ಎರಡನೆಯದು ಹಾಕಿಸಿದರು. ನೀವೂ ಅವನು ಏಣಿ ಇಳಿಯುವ ಮೊದಲೇ ನೋಡಿಕೊಳ್ಳಿ.

ಇನ್ನು ಮಳೆ. ಡಿಟಿಎಚ್ ಉಪಗ್ರಹದಿಂದ ಬರುವುದು ಕೆಯು ಬ್ಯಾಂಡ್ ಎನ್ನುವ ರೇಡಿಯೋ ಅಲೆಗಳಲ್ಲಿ. ಅದರ ಅಲೆಯ ಉದ್ದ ಬರೀ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಮಳೆ ಅದನ್ನು ಹೀರಿಬಿಡುತ್ತದೆ. ಜೂನ್, ಜುಲೈಯಲ್ಲಿ ನಮ್ಮ ಊರಿನ ಮಳೆ ಎಂಥದ್ದು ಅಂತ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ನಾನು ಗಮನಿಸಿದ ಹಾಗೆ ಮೊದಲು ಹೋಗುವುದು ಎಚ್‌ಡಿ ಚಾನೆಲ್. ಅದೇ ಚಾನೆಲ್‌ನ ಎಸ್‌ಡಿ, ಅಂದರೆ ಅಷ್ಟು ಚೂಪಿಲ್ಲದ ಸಾಧಾರಣ ಚಿತ್ರದ್ದು, ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅದಕ್ಕೇ ಆಟಿ ತಿಂಗಳು (ಆಗಸ್ಟ್ ನಡುವಿಗೆ) ಮುಗಿಯುವವರೆಗೆ ನಾನು ರೆಕಾರ್ಡಿಂಗ್ ಎಸ್‌ಡಿಯಲ್ಲೇ ಹಾಕುತ್ತೇನೆ. ಜಾಗವೂ ಉಳಿಯುತ್ತದೆ. ಎಚ್‌ಡಿ ಆದರೆ ಗಂಟೆಗೆ ಮೂರು ನಾಲ್ಕು ಜಿಬಿ ತಿನ್ನುತ್ತದೆ. ಡಿಶ್‌ನ ಜಾಗವೂ ಮುಖ್ಯ. ಈ ಉಪಗ್ರಹಗಳು ನಮಗೆ ಆಗ್ನೇಯ ದಿಕ್ಕಿನಲ್ಲಿ, ಬಹಳ ಮೇಲೆ ಇವೆ. ಹಾಗಾಗಿ ಅಡ್ಡ ಬರುವುದು ಎದುರಿನ ಮನೆಯಲ್ಲ, ಮೇಲಿನ ತೆಂಗಿನ ಮಡಲು. ಡಿಶ್ ಹಾಕುವ ದಿನ ಖಾಲಿ ಕಂಡ ಆಕಾಶಕ್ಕೆ ಮರುವರ್ಷ ಒಂದು ಮಡಲು ಬಂದಿರುತ್ತದೆ.

ಕರೆಂಟ್ ಹೋದರೆ ರೆಕಾರ್ಡಿಂಗ್ ಅಲ್ಲಿಗೆ ನಿಂತಿತು. ನಾವು ಪೆಟ್ಟಿಗೆಯನ್ನು ಇನ್‌ವರ್ಟರ್ ಲೈನಿಗೆ ಹಾಕಿದೆವು. ಆದರೂ ಕರೆಂಟ್ ಹೋದ ಕ್ಷಣ ಪೆಟ್ಟಿಗೆ ಆಫ್ ಆಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಅಷ್ಟರಲ್ಲಿ ಮೂರು ನಾಲ್ಕು ನಿಮಿಷದ ಕಥೆ ಹೋಯಿತು. ಇನ್‌ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ, ಪೆಟ್ಟಿಗೆಗೆ ಗೊತ್ತೇ ಆಗುವುದಿಲ್ಲ. ಅಷ್ಟರಿಂದಲೇ ನಮ್ಮ ತೊಂದರೆ ಹೋಯಿತು.

ಸಿಡಿಲಿಗೆ ಮಾತ್ರ ಮದ್ದಿಲ್ಲ. ಅಕ್ಟೋಬರ್, ನವೆಂಬರ್‌ನ ತುಲಾ ಮಳೆಯಲ್ಲಿ ಗುಡುಗು ಬರುವುದೇ ಮಧ್ಯಾಹ್ನದ ನಂತರ, ಸಂಜೆ. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಜಾಗ್ರತೆ ಅಂತ ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಹೇಳುತ್ತದೆ. ಸರಿಯಾಗಿ ಧಾರಾವಾಹಿಯ ಹೊತ್ತು. ಪ್ಲಗ್ ತೆಗೆಯಬೇಕು, ಡಿಶ್ ಕೇಬಲನ್ನೂ ತಿರುಗಿಸಿ ತೆಗೆಯಬೇಕು. ಆ ದಿನ ರೆಕಾರ್ಡಿಂಗ್ ಇಲ್ಲ, ಅಷ್ಟೇ. ಇದರಲ್ಲಿ ನನಗೆ ಬೇಸರ ಇಲ್ಲ.

ಬೇಸರ ಬೇರೆಯೇ ಉಂಟು.

ನಾನು ಕನ್ನಡ ಶಾಲೆಯಲ್ಲಿ ಟೀಚರ್. 2019ರಲ್ಲಿ ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆ, ರಾಜ್ಯ ಶಾಲಾ ಕಲೋತ್ಸವ, ನಮ್ಮ ಜಿಲ್ಲೆಯಲ್ಲೇ, ಕಾಞಂಗಾಡಿನಲ್ಲಿ ನಡೆಯಿತು. ಕಲೋತ್ಸವದಲ್ಲಿ ಯಕ್ಷಗಾನಕ್ಕೂ ಸ್ಪರ್ಧೆ ಉಂಟು. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ತಿರುವನಂತಪುರದವರಿಗೆ ಅರ್ಥ ಮಾಡಿಸುವುದು ಕಷ್ಟ. ನನಗೆ ಗೊತ್ತಿದ್ದ ಮಕ್ಕಳ ವೇಷ ಟಿವಿಯಲ್ಲಿ ಸ್ವಲ್ಪ ಹೊತ್ತು ಬಂತು. ರೆಕಾರ್ಡ್ ಮಾಡಿದ್ದೆ. ಮನೆಗೆ ಬಂದ ಮಕ್ಕಳಿಗೆಲ್ಲ ಹಾಕಿ ತೋರಿಸುತ್ತಿದ್ದೆ. ಒಬ್ಬ ಹುಡುಗ ತನ್ನ ಧೀಂಗಿಣವನ್ನು (ಸುತ್ತುತ್ತಾ ಹಾರುವ ಕುಣಿತ) ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡಿ, ಎಡಗಾಲು ಎಲ್ಲಿ ತಪ್ಪಿತು ಅಂತ ತಾನೇ ಹೇಳಿದ್ದ. ಅಜ್ಜ ಕಟ್ಟಿದ ಮೇಳದ ಬಗ್ಗೆ ನೆರೆಯವರೊಬ್ಬರು ಮಾತಾಡಿದ ಕಾರ್ಯಕ್ರಮ, ಎರಡು ತಾಳಮದ್ದಳೆ, ಮಾವನವರು ಇಷ್ಟಪಟ್ಟ ಕೃಷಿ ಕಾರ್ಯಕ್ರಮಗಳು, ಇವನ್ನೆಲ್ಲ ಅಳಿಸದೆ ಇಟ್ಟಿದ್ದೆ.

ಒಂದು ಬೆಳಿಗ್ಗೆ ಪೆಟ್ಟಿಗೆ ಆನ್ ಆಗಲಿಲ್ಲ. ಕೆಂಪು ದೀಪವೂ ಇಲ್ಲ. ಕಾಸರಗೋಡಿನಿಂದ ಬಂದ ಟೆಕ್ನೀಷಿಯನ್ ಬಿಚ್ಚಿ ನೋಡಿ, "ಬೋರ್ಡ್ ಹೋಗಿದೆ ಟೀಚರೇ, ಡಿಸ್ಕ್ ಸರಿ ಇದೆ" ಅಂದ. ನನಗೆ ಸಮಾಧಾನ ಆಯಿತು. ಹಾಗಾದರೆ ಡಿಸ್ಕನ್ನು ಹೊಸ ಪೆಟ್ಟಿಗೆಗೆ ಹಾಕಿ ಅಂದೆ. ಆಗುವುದಿಲ್ಲ ಅಂದ. ಕಂಪ್ಯೂಟರಿಗೆ? ಅದೂ ಇಲ್ಲ. ಹೊಸ ಪೆಟ್ಟಿಗೆ ಕೊಡುತ್ತೇವೆ, ಹಳೆಯದ್ದನ್ನು ಒಯ್ಯುತ್ತೇವೆ, ಅಷ್ಟೇ. ಕಸ್ಟಮರ್ ಕೇರ್‌ನಲ್ಲೂ ಅದೇ ಉತ್ತರ, ಬಹಳ ನಯವಾಗಿ.

ವಿಷಯ ಹೀಗೆ. ಪೆಟ್ಟಿಗೆ ರೆಕಾರ್ಡ್ ಮಾಡುವಾಗಲೇ ಅದನ್ನು ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ. ಬಿಡಿಸುವ ಕೀಲಿ ಆ ಒಂದು ಪೆಟ್ಟಿಗೆಯ ಚಿಪ್‌ನಲ್ಲಿ ಮಾತ್ರ ಇರುತ್ತದೆ. ಪೆಟ್ಟಿಗೆ ಸತ್ತರೆ ಕೀಲಿಯೂ ಹೋಯಿತು. ಸಿನಿಮಾ ಕದ್ದು ಮಾರಬಾರದು ಅಂತ ಈ ವ್ಯವಸ್ಥೆ. ಚಾನೆಲ್‌ನವರ ಭಯ ನನಗೆ ಅರ್ಥ ಆಗುತ್ತದೆ. ಆದರೆ ಮಾರುವಾಗ ಹೇಳಬೇಕಲ್ವಾ? ಡಬ್ಬದ ಮೇಲೆ ಎಷ್ಟು ಗಂಟೆ ರೆಕಾರ್ಡ್ ಮಾಡಬಹುದು ಅಂತ ದೊಡ್ಡದಾಗಿ ಬರೆದಿತ್ತು. ಎಷ್ಟು ವರ್ಷ ಇಟ್ಟುಕೊಳ್ಳಬಹುದು ಅಂತ ಎಲ್ಲೂ ಇರಲಿಲ್ಲ. ಆ ಹುಡುಗ ಈಗ ಕಾಲೇಜಿನಲ್ಲಿ ಇದ್ದಾನೆ. ಅವನಿಗೆ ಕೊಡಲು ನನ್ನಲ್ಲಿ ಏನೂ ಇಲ್ಲ. ಸಿಟ್ಟು ಇನ್ನೂ ಇಳಿದಿಲ್ಲ.

ಯುಎಸ್‌ಬಿಗೆ ನಮ್ಮದೇ ಡಿಸ್ಕ್ ಸಿಕ್ಕಿಸುವ ಪೆಟ್ಟಿಗೆ ಆದರೆ ಬಚಾವ್ ಅಂತ ತಿಳಿಯಬೇಡಿ. ಡಿಟಿಎಚ್ ಕಂಪೆನಿಯದ್ದಾದರೆ ಅಲ್ಲೂ ಇದೇ ಕಥೆ. ಡಿಸ್ಕ್ ನಿಮ್ಮದು, ಅದರಲ್ಲಿರುವುದು ನಿಮ್ಮದಲ್ಲ.

ಈಗ ನಮ್ಮ ಮನೆಯಲ್ಲಿ ಎರಡು ಪೆಟ್ಟಿಗೆ ಇವೆ. ಅತ್ತೆಯ ಧಾರಾವಾಹಿಗೆ ಮೊದಲಿನ ಹಾಗೆಯೇ ಎಚ್‌ಡಿ ರೆಕಾರ್ಡರ್. ನೋಡಿದರು, ಅಳಿಸಿದರು. ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಎರಡನೆಯದು ದೂರದರ್ಶನದ ಫ್ರೀ ಡಿಶ್‌ಗೆ ಹಾಕಿದ ಸಾಧಾರಣ ಪೆಟ್ಟಿಗೆ. ಅದರ ಉಪಗ್ರಹ ಬೇರೆ, ಜಿಸ್ಯಾಟ್-15. ಹಾಗಾಗಿ ಇನ್ನೊಂದು ಡಿಶ್ ಬೇಕಾಯಿತು. ಎಲ್ಲ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ಚಂದನ ವಾಹಿನಿಗೆ ಬೀಗ ಇಲ್ಲದ ಕಾರಣ ಅದರಲ್ಲಿ ರೆಕಾರ್ಡ್ ಮಾಡಿದ ಫೈಲ್ ಪೆನ್‌ಡ್ರೈವ್‌ನಲ್ಲಿ ನೇರ ಕುಳಿತಿರುತ್ತದೆ. ಲ್ಯಾಪ್‌ಟಾಪ್‌ಗೆ ಹಾಕಿದರೆ ವಿಎಲ್‌ಸಿ ಎನ್ನುವ ವಿಡಿಯೊ ಪ್ಲೇಯರ್‌ನಲ್ಲಿ ಓಡುತ್ತದೆ. ಚಿತ್ರ ಎಚ್‌ಡಿಯಷ್ಟು ಚೂಪಾಗಿಲ್ಲ. ಟ್ಯೂನರ್ ಒಂದೇ. ಪೆನ್‌ಡ್ರೈವ್ ಫ್ಯಾಟ್32 ಎನ್ನುವ ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗೆ ಫೈಲ್ ತುಂಡಾಗುತ್ತದೆ, ಆಮೇಲೆ ಜೋಡಿಸಿಕೊಳ್ಳಬೇಕು. ಅದೆಲ್ಲ ಇರಲಿ. ಚಂದನದಲ್ಲಿ ಯಕ್ಷಗಾನ ಬಂದ ದಿನ ರೆಕಾರ್ಡ್ ಮಾಡಿ, ಎರಡು ಕಡೆ ಕಾಪಿ ಇಟ್ಟು, ಶಾಲೆಯಲ್ಲಿ ಮಕ್ಕಳಿಗೆ ತೋರಿಸಿದ್ದೇನೆ.

ಖರ್ಚಿನ ಬಗ್ಗೆ ಒಂದು ಮಾತು. ನಮ್ಮ ವಿಳಾಸ ಕೇರಳದ್ದಾದ ಕಾರಣ ಕಂಪೆನಿಯವರು ಮೊದಲು ಹಾಕುವುದು ಮಲಯಾಳಂ ಪ್ಯಾಕ್. 2019ರ ಫೆಬ್ರವರಿಯಿಂದ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಮಗೆ ಉಂಟು. ಕನ್ನಡದ್ದು ಬೇಕು ಅಂತ ಕೇಳಿ ಹಾಕಿಸಿಕೊಳ್ಳಿ. ನಾವು ಅತ್ತೆ ನೋಡುವ ಎರಡು ಕನ್ನಡ ಚಾನೆಲ್ ಮಾತ್ರ ಎಚ್‌ಡಿ ಇಟ್ಟಿದ್ದೇವೆ, ಉಳಿದದ್ದೆಲ್ಲ ಎಸ್‌ಡಿ. ರೀಚಾರ್ಜ್ ಮುಗಿದರೆ ಹಳೆಯ ರೆಕಾರ್ಡಿಂಗ್ ಕೂಡ ನಮ್ಮ ಪೆಟ್ಟಿಗೆಯಲ್ಲಿ ತೆರೆಯುವುದಿಲ್ಲ. ಇದನ್ನೂ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ನೀವು ತೆಗೆದುಕೊಳ್ಳಲು ಹೋದರೆ ಡಿಸ್ಕ್ ಎಷ್ಟು ದೊಡ್ಡದು ಅಂತ ಆಮೇಲೆ ಕೇಳಿ. ಮೊದಲು ಇದನ್ನು ಕೇಳಿ: ಪೆಟ್ಟಿಗೆ ಹಾಳಾಗಿ ಬದಲಾಯಿಸಿದರೆ ಹಳೆಯ ರೆಕಾರ್ಡಿಂಗ್ ಹೊಸದರಲ್ಲಿ ಓಡುತ್ತದಾ? ಹೌದು ಅಂದರೆ, ಅಂಗಡಿಯಲ್ಲೇ ಎರಡು ಪೆಟ್ಟಿಗೆ ಇಟ್ಟು ಮಾಡಿ ತೋರಿಸಲು ಹೇಳಿ.