ಬರೆ ಕುಸಿದ ತೋಟಕ್ಕೆ ಭೂವಿಜ್ಞಾನಿಗಳ ಸಲಹೆ: ನಮ್ಮ ಅನುಭವ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ ಭಾಗದ ಗುಡ್ಡಗಳು ಕುಸಿದಾಗ, ಮಡಿಕೇರಿ ತಾಲ್ಲೂಕಿನ ನಮ್ಮ ತೋಟದಲ್ಲಿಯೂ ಮನೆಯ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಜಾರಿ, ಅರ್ಧ ಎಕರೆ ಕಾಫಿ ಗಿಡಗಳು ಮಣ್ಣಿನೊಂದಿಗೆ ಕೊಚ್ಚಿಹೋದವು. ಮರುವರ್ಷ ಎತ್ತರದ ಕಾಂಕ್ರೀಟ್ ತಡೆಗೋಡೆ ಕಟ್ಟಿಸಲು ಹೊರಟಿದ್ದ ನಮ್ಮನ್ನು ಬಂಧುಗಳೊಬ್ಬರು ತಡೆದು, ಅಂತರ್ಜಲ ಮತ್ತು ಭೂವಿಜ್ಞಾನ ಎರಡನ್ನೂ ಬಲ್ಲ ಒಂದು ಸಲಹಾ ತಂಡವನ್ನು ಪರಿಚಯಿಸಿದರು.

ತಂಡದ ಇಬ್ಬರು ಕುಸಿದ ಜಾಗಕ್ಕೆ ಇಳಿಯುವ ಮೊದಲು ಅದರ ಮೇಲಿನ ಇಳಿಜಾರನ್ನು ಅರ್ಧ ದಿನ ಸುತ್ತಿದರು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಬೇಕೆಂದು ನಾವು ಅಲ್ಲಿ ತೋಡಿಸಿದ್ದ ಕೆರೆ, ಜೆಸಿಬಿಯಿಂದ ಕಡಿಸಿದ ದಾರಿ, ಓರೆಯಾಗಿ ನಿಂತ ಸಿಲ್ವರ್ ಓಕ್ ಮರಗಳು ಎಲ್ಲವೂ ಅವರ ನಕ್ಷೆಯಲ್ಲಿ ಸೇರಿದವು. ನೆಲಕ್ಕೆ ಗೂಟಗಳನ್ನು ನೆಟ್ಟು ವಿದ್ಯುತ್ ಹಾಯಿಸಿ ಪದರಗಳನ್ನು ಅಳೆಯುವ ವಿಧಾನ ಬೋರ್‌ವೆಲ್ ಪಾಯಿಂಟ್ ನೋಡುವವರಿಂದ ನಮಗೆ ಪರಿಚಿತವೇ. ಇವರು ಅದನ್ನು ನೀರು ಎಲ್ಲಿ ಸಿಗುತ್ತದೆ ಎಂಬುದಕ್ಕಿಂತ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ತಿಳಿಯಲು ಬಳಸಿದರು. ಮೇಲಿನ ಕೆಂಪುಮಣ್ಣಿನಲ್ಲಿ ಇಂಗಿದ ಮಳೆನೀರು ಕೆಳಗಿನ ಜೇಡಿಯ ಪದರದಲ್ಲಿ ತಡೆದು ನಿಂತು, ಒತ್ತಡ ಏರಿದಂತೆ ಮಣ್ಣಿನ ಕಣಗಳ ಹಿಡಿತ ಸಡಿಲಗೊಂಡು, ಬುಡವನ್ನು ಕಡಿದಿರುವ ಇಳಿಜಾರು ಒಮ್ಮೆಲೇ ಜಾರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯೂ 2018ರ ಕುಸಿತಗಳಿಗೆ ಭಾರಿ ಮಳೆಯೊಂದಿಗೆ ಇಳಿಜಾರುಗಳನ್ನು ಕಡಿದದ್ದನ್ನು ಕಾರಣವಾಗಿ ಗುರುತಿಸಿತ್ತು.

ಈ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅವರು ಜುಲೈನಲ್ಲಿ ಮತ್ತೊಮ್ಮೆ ಬರಲೇಬೇಕೆಂದು ಹಟ ಹಿಡಿದದ್ದು. ಫೆಬ್ರವರಿಯಲ್ಲಿ ಒಣಗಿದ್ದ ಬರೆಯಲ್ಲಿ ಆಗ ಎರಡು ಒರತೆಗಳು ಹರಿಯುತ್ತಿದ್ದವು, ಎರಡೂ ನಮ್ಮ ಕೆರೆಯ ನೇರ ಕೆಳಗೆ. ಕೆರೆಯನ್ನು ಮುಚ್ಚಿ ತಗ್ಗಿನಲ್ಲಿ ತೋಡಿಸಬೇಕು, ಬರೆಯ ನೆತ್ತಿಯಲ್ಲಿ ಮಳೆನೀರನ್ನು ಬದಿಗೆ ಒಯ್ಯುವ ಚರಂಡಿ ಬೇಕು, ಒಳಗೆ ನಿಂತ ನೀರನ್ನು ಹೊರತರಲು ತೂತುಗಳಿರುವ ಪೈಪುಗಳನ್ನು ಹೊರಕ್ಕೆ ವಾಲುವಂತೆ ಕೂರಿಸಬೇಕು, ಗೋಡೆ ಗಿಡ್ಡದಾಗಿದ್ದರೂ ನೀರಿಗೆ ಕಿಂಡಿಗಳಿರಬೇಕು ಎಂಬುದು ಅವರ ಸಲಹೆಯಾಗಿತ್ತು. ಕಿಂಡಿಯಿಲ್ಲದೆ ನಾವು ಕಟ್ಟಿಸಲಿದ್ದ ಗೋಡೆ ಅದೇ ನೀರನ್ನು ಬೆನ್ನಿಗೆ ಹೊತ್ತು ನಿಲ್ಲುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಭಯವಾಗುತ್ತದೆ.

ಕೊರತೆಗಳೂ ಇವೆ. ಅಕ್ಟೋಬರ್‌ಗೆ ಬರಬೇಕಿದ್ದ ವರದಿ ಜನವರಿಯಲ್ಲಿ, ಕಾಫಿ ಕೊಯ್ಲಿಗೇ ಆಳು ಸಿಗದ ಹೊತ್ತಿನಲ್ಲಿ ಕೈಸೇರಿತು. ಆಮೇಲೆ ಲಾಕ್‌ಡೌನ್ ಬಂದು ಕೆಲಸ 2021ರ ಬೇಸಿಗೆಯವರೆಗೆ ಮುಂದೆ ಹೋಯಿತು. ಇಡೀ ವರದಿ ಇಂಗ್ಲಿಷಿನಲ್ಲಿದ್ದು, ಕೆಲಸ ಮಾಡಬೇಕಾದ ಮೇಸ್ತ್ರಿಗೆ ಅದರಿಂದ ಏನೂ ತಿಳಿಯಲಿಲ್ಲ. ಕೇಳಿಕೊಂಡ ಮೇಲೆ ಒಬ್ಬರು ಬಂದು ಇಡೀ ದಿನ ನಿಂತು ಸುಣ್ಣದಲ್ಲಿ ಗೆರೆ ಎಳೆದುಕೊಟ್ಟರು, ಅದಕ್ಕೆ ಬೇರೆ ಹಣ ಕೇಳಲಿಲ್ಲ. ಗುಡ್ಡದ ಜನರಿಗೆ ಇಂಥ ಸೇವೆ ನೀಡುವವರು ಕನ್ನಡದಲ್ಲಿ ಎರಡು ಪುಟದ ಸಾರಾಂಶವನ್ನಾದರೂ ಕೊಡಬೇಕು.

2024ರ ಜುಲೈ 30ರಂದು ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದ ವಾರ ನಮ್ಮ ಪೈಪುಗಳಲ್ಲಿ ತಿಳಿನೀರು ಹರಿಯುತ್ತಿತ್ತು. ನಮ್ಮ ಬರೆ ಎಂದೆಂದಿಗೂ ಭದ್ರವೆಂದು ಅವರೂ ಹೇಳಿಲ್ಲ, ನಾನೂ ಹೇಳಲಾರೆ. ಆ ನೀರು ಕೆಸರಾದರೆ ಅಥವಾ ಮಳೆಯ ನಡುವೆ ಹಠಾತ್ತನೆ ನಿಂತರೆ ಮನೆ ಬಿಟ್ಟು ಹೊರಡಬೇಕೆಂದು ಅವರು ಕಲಿಸಿದ್ದನ್ನು ತೋಟದ ಕಾರ್ಮಿಕರಿರುವ ನಮ್ಮ ಲೈನ್ ಮನೆಗಳ ಮಕ್ಕಳೂ ಬಲ್ಲರು. ಮಳೆಗಾಲದಲ್ಲಿ ದಿನಕ್ಕೆರಡು ಸಲ ಯಾರಾದರೊಬ್ಬರು ಪೈಪಿನ ಬಳಿ ಹೋಗಿ ನೋಡಿ ಬರುತ್ತಾರೆ.