ಆಗುಂಬೆ ಹತ್ತುವ ಆಟೋಮ್ಯಾಟಿಕ್‌ಗೆ ಯಾವ ಕೂಲರ್ ಸರಿ?

ಹೆಬ್ರಿಯ ಮಾವನ ಮನೆಯಿಂದ ತೀರ್ಥಹಳ್ಳಿಗೆ ವಾಪಸ್ ಬರುವಾಗ ನಮ್ಮ ಹಳೇ ಡೀಸೆಲ್ ಗಾಡಿಯಲ್ಲಿ ಯಾವತ್ತೂ ಆರು ಜನ, ಹಿಂದೆ ಎರಡು ಚೀಲ ತೆಂಗಿನಕಾಯಿ. ಸೋಮೇಶ್ವರ ದಾಟಿದರೆ ಆಗುಂಬೆಯ 14 ತಿರುವು. ಹೋದ ವರ್ಷ ಮೇ ತಿಂಗಳಲ್ಲಿ ಮಿನಿ ಬಸ್ಸೊಂದರ ಹಿಂದೆ ತೆವಳುತ್ತಾ ಹತ್ತುತ್ತಿದ್ದೆ. ಅರ್ಧ ದಾರಿಯಲ್ಲಿ ನನ್ನವಳು "ರೀ, ಏನೋ ಸುಟ್ಟ ವಾಸನೆ" ಅಂದಳು. ಕ್ಲಚ್ ಪೆಡಲೇ ಇಲ್ಲದ ಗಾಡಿಯಲ್ಲಿ ಏನು ಸುಡುತ್ತೆ ಅಂತ ನಾನು ನಕ್ಕೆ.

ಸುಟ್ಟಿದ್ದು ಗೇರ್‌ಬಾಕ್ಸ್ ಎಣ್ಣೆ. ಹೊಸ ಎಣ್ಣೆ ಮುರುಗಲ ಹಣ್ಣಿನ ಶರಬತ್ತಿನ ಹಾಗೆ ಕೆಂಪಗಿರುತ್ತೆ. ಮೆಕ್ಯಾನಿಕ್ ಬಿಳಿ ಕಾಗದದ ಮೇಲೆ ತೊಟ್ಟಿಕ್ಕಿಸಿದ ನನ್ನ ಎಣ್ಣೆ ಅಡಿಕೆ ಚೊಗರಿನ ಬಣ್ಣಕ್ಕೆ ತಿರುಗಿತ್ತು.

ಇಂಥ ಗಾಡಿಯಲ್ಲಿ ಕ್ಲಚ್ ಜಾಗದಲ್ಲಿರುವ ಟಾರ್ಕ್ ಕನ್ವರ್ಟರ್‌ನಲ್ಲಿ ಇಂಜಿನ್ನಿನ ಬಲ ದಾಟುವುದೇ ಎಣ್ಣೆಯ ಮೂಲಕ. ಏರಿನಲ್ಲಿ ನಿಧಾನ ಹೋಗುವಾಗ ಇಂಜಿನ್ ಕಡೆ ಜೋರಾಗಿ ತಿರುಗುತ್ತೆ, ಚಕ್ರದ ಕಡೆ ಮೆಲ್ಲಗೆ. ನಡುವೆ ಜಾರಿದ್ದೆಲ್ಲ ಬಿಸಿಯಾಗುತ್ತೆ. ನನ್ನ ಗಾಡಿಯಲ್ಲಿ ಈ ಎಣ್ಣೆ ತಣಿಸಲು ಕಂಪನಿಯವರು ಕೊಟ್ಟ ಕೂಲರ್ ಇರುವುದು ರೇಡಿಯೇಟರ್ ಟ್ಯಾಂಕಿನ ಒಳಗೆ. ಅಲ್ಲಿನ ಕೂಲೆಂಟೇ, ಅಂದರೆ ಇಂಜಿನ್ ತಣಿಸುವ ದ್ರವವೇ, 90 ಡಿಗ್ರಿ ಹತ್ತಿರ ಇದ್ದರೆ ಅದು ಇನ್ನೆಷ್ಟು ತಣಿಸೀತು, ಅಲ್ವಾ? (ಎಎಂಟಿ, ಅಂದರೆ ಮಾಮೂಲಿ ಕ್ಲಚ್ಚನ್ನೇ ಯಂತ್ರ ಒತ್ತುವ ಗಾಡಿಯವರಿಗೆ ಈ ತಲೆನೋವಿಲ್ಲ. ಅದರಲ್ಲಿ ಕನ್ವರ್ಟರೇ ಇರೋದಿಲ್ಲ.)

ಎಣ್ಣೆ ಬದಲಾಯಿಸಿ, ಅದರ ಬಿಸಿ ನೋಡಲು ಗಾಡಿಯ ಕಂಪ್ಯೂಟರಿನ ಓಬಿಡಿ ಸಾಕೆಟ್‌ಗೆ ಸ್ಕ್ಯಾನರ್ ಹಾಕಿಕೊಂಡು, ಅದೇ ಘಾಟಿಯನ್ನು ಹೆಚ್ಚುಕಮ್ಮಿ ಅದೇ ಭಾರದಲ್ಲಿ ಮತ್ತೆ ಮತ್ತೆ ಹತ್ತಿದೆ. ಗೇರು ಆರಿಸುವುದನ್ನು ಗಾಡಿಗೇ ಬಿಟ್ಟು ಡಿಯಲ್ಲೇ ಹತ್ತಿದಾಗ ಮೇಲಿನ ಚೆಕ್‌ಪೋಸ್ಟ್ ಹತ್ತಿರ ಎಣ್ಣೆ 121 ಡಿಗ್ರಿ. ಮ್ಯಾನ್ಯುಯಲ್‌ಗೆ ಹಾಕಿ ಎರಡನೇ ಗೇರಿನಲ್ಲೇ ಹತ್ತಿದಾಗ 110. ಹೊಸ ಕೂಲರೇ ಇಲ್ಲ, ಒಂದು ಪೈಸೆ ಖರ್ಚಿಲ್ಲ. ಇದನ್ನು ಯಾರೂ ಮೊದಲು ಹೇಳಲಿಲ್ಲ.

ಆಮೇಲೆ ಟ್ಯೂಬ್-ಫಿನ್ ಕೂಲರ್ ಹಾಕಿಸಿದೆ. ಸುರುಳಿ ಕೊಳವೆ, ಸುತ್ತ ಅಲ್ಯುಮಿನಿಯಂ ರೆಕ್ಕೆ, ಅಷ್ಟೇ. ಅಗ್ಗ. ಫಿಟ್ಟರ್ ಅದನ್ನು ಬಂಪರ್ ಮೂಲೆಯಲ್ಲಿ ಕೂರಿಸಿ, "ಸಾರ್, ರೇಡಿಯೇಟರ್ ಒಳಗೆ ಲೀಕ್ ಆದ್ರೆ ಕೂಲೆಂಟ್ ಬೆರೆತು ಗೇರ್‌ಬಾಕ್ಸೇ ಹೋಗುತ್ತೆ" ಅಂತ ರೇಡಿಯೇಟರನ್ನೇ ಬಿಟ್ಟು ನೇರ ಪೈಪ್ ಕೊಟ್ಟ. ಅವನ ಹೆದರಿಕೆ ಸುಳ್ಳಲ್ಲ. ಆದರೆ ಹೈವೇಯಲ್ಲಿ ಚೆನ್ನಾಗಿ ತಣಿಸಿದ ಕೂಲರ್ ಘಾಟಿಯಲ್ಲಿ, ಎರಡನೇ ಗೇರಿನಲ್ಲೂ, 105ಕ್ಕೆ ನಿಂತಿತು. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿ ಎಲ್ಲಿಂದ ಬರಬೇಕು? ಫ್ಯಾನ್ ಎಳೆಯುವ ಗಾಳಿಯೇ ಗತಿ, ಅದು ಮೂಲೆಗೆ ಮುಟ್ಟೋದಿಲ್ಲ. ಜುಲೈನಲ್ಲಿ ಉಲ್ಟಾ ಕಷ್ಟ. ಮಂಜು, ಜಡಿಮಳೆ, ಇಳಿಜಾರು. ಎಣ್ಣೆ 55 ಡಿಗ್ರಿ ದಾಟಲೇ ಇಲ್ಲ, ಎರಡರಿಂದ ಮೂರಕ್ಕೆ ಬೀಳುವಾಗ ಗಾಡಿ ದಡ್ ಅನ್ನುತ್ತಿತ್ತು.

ಕೊನೆಗೆ ತೆಳು ತಟ್ಟೆ ಒಂದರ ಮೇಲೊಂದು ಪೇರಿಸಿದ ಸ್ಟ್ಯಾಕ್ಡ್ ಪ್ಲೇಟ್ ಕೂಲರ್, ಜೊತೆಗೆ ಸುಮಾರು 80 ಡಿಗ್ರಿಗೆ ತೆರೆದು ಅಲ್ಲಿಯವರೆಗೆ ಎಣ್ಣೆಯನ್ನು ಕೂಲರಿಗೆ ಬಿಡದ ಥರ್ಮೋಸ್ಟಾಟ್. ದುಡ್ಡು ಮೂರು ಪಟ್ಟು. ಈ ಸಲ ರೇಡಿಯೇಟರ್ ಮುಂದಿರುವ ಎಸಿ ಜಾಲರಿ, ಅಂದರೆ ಕಂಡೆನ್ಸರ್ ಮುಂದೆ, ಫ್ಯಾನಿನ ದಾರಿಗೆ ಸರಿಯಾಗಿ. ಎಣ್ಣೆ ಮೊದಲು ರೇಡಿಯೇಟರ್ ಒಳಗೆ ಹೋಗಿ ಆಮೇಲೆ ಇದಕ್ಕೆ ಬರುತ್ತೆ. ಬೆಳಗಿನ ಚಳಿಯಲ್ಲಿ ರೇಡಿಯೇಟರೇ ಎಣ್ಣೆಯನ್ನು ಬೆಚ್ಚಗೆ ಮಾಡುತ್ತೆ. ಪ್ಲಾಸ್ಟಿಕ್ ಟ್ಯಾಗಿನಲ್ಲಿ ಕಂಡೆನ್ಸರ್‌ಗೇ ಕಟ್ಟುತ್ತೇವೆ ಅಂದರು, ಒಪ್ಪಲಿಲ್ಲ. ಉಜ್ಜಿ ಉಜ್ಜಿ ತೂತಾದರೆ ಎಸಿ ಗ್ಯಾಸೂ ಹೋಯಿತು. ಕಬ್ಬಿಣದ ಪಟ್ಟಿ ಹಾಕಿಸಿದೆ. ಹೋಸ್ ಕೂಡ ಗೇರ್‌ಬಾಕ್ಸ್ ಎಣ್ಣೆಗೆ ಅಂತಲೇ ಇರುವುದು ಬೇಕು, ಕೂಲೆಂಟ್ ಹೋಸ್ ಎಣ್ಣೆ ಕುಡಿದು ಊದಿಕೊಳ್ಳುತ್ತೆ.

ಈ ಮೇನಲ್ಲಿ ಅದೇ ಘಾಟಿ, ಎರಡನೇ ಗೇರ್: 95. ಮಳೆಗಾಲದಲ್ಲೂ 80ರ ಆಸುಪಾಸು, ದಡ್ ಇಲ್ಲ.

ತಿಂಗಳಿಗೊಮ್ಮೆ ಘಾಟಿ ಹತ್ತಿಳಿಯುವವರಿಗೆ ನಾನು ಹೇಳೋದು ಇದನ್ನೇ. ಸುಮ್ನೆ ಶಿವಮೊಗ್ಗ-ಸಾಗರ ಓಡಾಡುವವರಿಗೆ ಯಾವ ಕೂಲರೂ ಬೇಡ, ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಾಯಿಸಿದರೆ ಸಾಕು.

ಪ್ಲೇಟ್ ಕೂಲರಿಗೆ ಒಂದು ಕೆಟ್ಟ ಗುಣ ಇದೆ. ರೆಕ್ಕೆಗಳ ಸಂದು ತೀರಾ ಕಿರಿದು, ನಮ್ಮ ಕೆಂಪು ಮಣ್ಣು ಕೂತರೆ ಇಟ್ಟಿಗೆಯೇ. ಜೋರು ನೀರು ಹೊಡೆದರೆ ರೆಕ್ಕೆ ಮಡಚುತ್ತೆ. ಮಳೆ ಕಳೆದ ಮೇಲೆ ಗ್ರಿಲ್ ಬಿಚ್ಚಿ ತೋಟದ ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟೆ. ಕೆಸರಿನ ಜೊತೆ ತರಗೆಲೆ, ಎರಡು ಜೀರುಂಡೆ, ಒಣಗಿದ ಒಂದು ಉಂಬಳ ಬಿದ್ದವು.