ಡ್ರಿಲ್ ಬ್ಯಾಟರಿ ಗ್ರೈಂಡರ್‌ಗೆ: ಮೂರು ಅಡಾಪ್ಟರ್ ಹಾಕಿ ನೋಡಿದೆ

ನನ್ನ ಡ್ರಿಲ್ ಒಂದು ಕಂಪನಿಯದು, ಕಬ್ಬಿಣ ಕೊಯ್ಯುವ ಗ್ರೈಂಡರ್ ಇನ್ನೊಂದರದು. ನಿಟುವಳ್ಳಿಯ ಸೈಟಿನಲ್ಲಿ ಕರೆಂಟ್ ಹೋದಾಗಲೇ ಗ್ರೈಂಡರ್ ಬ್ಯಾಟರಿ ಕೈಕೊಡುತ್ತದೆ. ಡ್ರಿಲ್‌ನ ಎರಡು ಬ್ಯಾಟರಿ ಫುಲ್ ಚಾರ್ಜ್ ಆಗಿ ಸುಮ್ನೆ ಕೂತಿರುತ್ತವೆ. ಹೊಟ್ಟೆ ಉರಿಯಲ್ವಾ?

ಎರಡರ ಒಳಗೂ ಇರುವುದು ಐದೈದು ಲಿಥಿಯಂ ಸೆಲ್‌ಗಳ ಸಾಲು. ಒಂದಕ್ಕೆ 3.6 ವೋಲ್ಟ್, ಐದಕ್ಕೆ 18. ಡಿವಾಲ್ಟ್ ಕಂಪನಿಯ ಡಬ್ಬದ ಮೇಲಿನ 20, ಬೇರೆಯವರು ಬರೆಯುವ 21, ಎಲ್ಲ ಚಾರ್ಜ್ ತುಂಬಿದಾಗಿನ ಲೆಕ್ಕ. ಕೆಲಸಕ್ಕಿಳಿದರೆ ಎಲ್ಲವೂ ಹದಿನೆಂಟೇ. ಬೇರೆ ಇರುವುದು ಬ್ಯಾಟರಿ ಜಾರಿಸಿ ಕೂರಿಸುವ ಹಳಿ ಮತ್ತು ಪಿನ್ನಿನ ಜಾಗ. ಇವನ್ನು ಹೊಂದಿಸಲು ನಡುವೆ ಹಾಕುವ ತುಂಡೇ ಅಡಾಪ್ಟರ್.

ಮೊದಲು ಆನ್‌ಲೈನಿನಲ್ಲಿ ರೆಡಿಮೇಡ್ ತರಿಸಿದೆ. ಕ್ಲಿಕ್ ಅಂತ ಕೂತಿತು, ಅಲುಗಾಟವಿಲ್ಲ. ಆದರೆ ಅದರಲ್ಲಿದ್ದದ್ದು ಪ್ಲಸ್, ಮೈನಸ್ ಎರಡೇ. ಎಷ್ಟೋ ಬ್ಯಾಟರಿಗಳಲ್ಲಿ ಇನ್ನೊಂದು ಸಣ್ಣ ಪಿನ್ ಇರುತ್ತದೆ. 'ಬಿಸಿಯಾಯ್ತು', 'ಖಾಲಿಯಾಯ್ತು' ಅಂತ ಮೆಷಿನ್‌ಗೆ ಹೇಳಿ ನಿಲ್ಲಿಸುವುದು ಅದೇ. ಅಡಾಪ್ಟರ್ ಬಂದರೆ ಆ ಮಾತುಕತೆ ಬಂದ್. ಒಂದು ಸಂಜೆ ಗೇಟಿನ ಚೌಕ ಪೈಪು ಕೊಯ್ಯುತ್ತಿದ್ದೆ. ಗ್ರೈಂಡರ್ ಸೊರಗಿತು, ಇನ್ನೆರಡೇ ಪೀಸು ಅಂತ ಒತ್ತಿದೆ. ಮೀಟರ್ ಹಿಡಿದರೆ 9 ವೋಲ್ಟ್! ಚಾರ್ಜರ್ ಕೆಂಪು ದೀಪ ಮಿಟುಕಿಸಿ ಕೈಮುಗಿಯಿತು. ಬೇರೆ ಬ್ಯಾಟರಿಯಿಂದ ವೈರ್ ಎಳೆದು ಎಬ್ಬಿಸು ಅಂದವರಿದ್ದಾರೆ. ಬೇಡ. ಅಷ್ಟು ಕೆಳಗಿಳಿದ ಸೆಲ್ಲಿನ ಒಳಗೆ ತಾಮ್ರ ಕರಗಿ ಶಾರ್ಟ್ ಆಗಬಹುದು, ಆಮೇಲೆ ಚಾರ್ಜ್ ಮಾಡುವಾಗ ಬೆಂಕಿಯೇ ಹತ್ತಬಹುದು.

ಎರಡನೆಯದು ತ್ರೀಡಿ ಪ್ರಿಂಟ್. ಪಿಎಲ್‌ಎ ಪ್ಲಾಸ್ಟಿಕ್, ಸುಮಾರು 60 ಡಿಗ್ರಿಗೇ ಮೆತ್ತಗಾಗುವ ಜಾತಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಬ್ಬದೊಳಗಿಟ್ಟು ಮಂಡಕ್ಕಿ ತಿಂದು ಬರುವಷ್ಟರಲ್ಲಿ ಬಾಗಿತ್ತು. ಪಿಇಟಿಜಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ ತಡೆದುಕೊಳ್ಳುತ್ತದೆ, ಆದರೆ ಮತ್ತೆ ಮಾಡಿಸಲು ಮನಸ್ಸಾಗಲಿಲ್ಲ.

ಮೂರನೆಯದು ನಾನೇ ಕಟ್ಟಿದ್ದು. ಗ್ರೈಂಡರ್‌ನ ಹಳೇ ಸತ್ತ ಬ್ಯಾಟರಿ ಬಿಚ್ಚಿ ಸೆಲ್ ತೆಗೆದು, ಚಿಪ್ಪು ಮತ್ತು ಟರ್ಮಿನಲ್ ಉಳಿಸಿಕೊಂಡೆ. ಮೆಷಿನ್ ಕಡೆಗೆ ಅದಕ್ಕಿಂತ ಸರಿಯಾದ ಅಳತೆ ಎಲ್ಲಿ ಸಿಗಬೇಕು? ಬ್ಯಾಟರಿ ಕಡೆಗೆ ಎರಡು ವೈರ್ ಬಿಟ್ಟಿರುವ ಡಾಕ್, ಅಂದರೆ ಡ್ರಿಲ್ ಬ್ಯಾಟರಿ ಕೂರುವ ತಟ್ಟೆ. ನಡುವೆ 4 ಸ್ಕ್ವೇರ್ ಎಂಎಂ ವೈರ್, ಕಾರಿನ 30 ಆಂಪಿಯರ್ ಬ್ಲೇಡ್ ಫ್ಯೂಸ್, ಚಿಪ್ಪಿಗೆ ಕೊರೆದು ಕೂರಿಸಿದ ಪುಟ್ಟ ವೋಲ್ಟ್ ಮೀಟರ್. ವೋಲ್ಟ್ ಇಳಿದರೆ ತಾನಾಗಿ ಕಟ್ ಮಾಡುವ ರಿಲೇ ಬೋರ್ಡನ್ನೂ ಹಾಕಿ ನೋಡಿದೆ. ಗ್ರೈಂಡರ್ ಶುರುವಾಗುವಾಗ ವೋಲ್ಟ್ ಒಮ್ಮೆ ಕುಸಿಯುತ್ತಲ್ಲ, ಆಗಲೇ ಟಕ್ ಅಂತ ಬಿಟ್ಟುಬಿಡುತ್ತಿತ್ತು. ಕಿತ್ತು ಹಾಕಿದೆ. ಈಗ ಮೀಟರ್ 15 ತೋರಿಸಿದರೆ, ಅಂದರೆ ಸೆಲ್ಲಿಗೆ 3 ವೋಲ್ಟ್ ಆದರೆ, ಕೈಬಿಡುತ್ತೇನೆ. ಮೀಟರ್ ತಾನೂ ಸ್ವಲ್ಪ ಕುಡಿಯುತ್ತದೆ, ಸಂಜೆ ಬ್ಯಾಟರಿ ಬಿಚ್ಚಿಡಲೇಬೇಕು. ನೋಡೋಕೆ ದರಿದ್ರವಾಗಿದೆ, ಒಪ್ಪುತ್ತೇನೆ.

ಆದರೂ ಗ್ರೈಂಡರ್‌ಗೆ ನಾನು ಹಾಕುವುದು ಈ ಮೂರನೆಯದನ್ನೇ. ರೆಡಿಮೇಡ್ ಅನ್ನು ಗ್ರೈಂಡರ್ ಕಂಪನಿಯ ಸಣ್ಣ ಲೈಟಿಗೆ ಇಟ್ಟುಕೊಂಡಿದ್ದೇನೆ. ಚಾರ್ಜ್ ಮಾತ್ರ ಅವರವರ ಚಾರ್ಜರ್‌ನಲ್ಲೇ, ಅಡಾಪ್ಟರ್ ಮೂಲಕ ಒಮ್ಮೆಯೂ ಇಲ್ಲ. ಮುಂದಿನ ತಿಂಗಳು ಗರಗಸ ತಗೋಬೇಕು. ಈ ಸಲ ಡ್ರಿಲ್ ಕಂಪನಿಯದೇ, ಬ್ಯಾಟರಿ ಇಲ್ಲದ ಬಾಡಿ ಮಾತ್ರ.